ದವಡೆ ಕೀಲಿನ ನೋವಿಗೆ ಸ್ಪ್ಲಿಂಟ್: ಅಳತೆ ಕೊಡುವ ಮೊದಲಿನಿಂದ ಬಿಡುವ ದಿನದವರೆಗೆ

ಆಕಳಿಸಿದಾಗ ಕಿವಿಯ ಮುಂದೆ ಲಟಕ್ಕೆನ್ನುತ್ತದೆ, ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದುಕೊಂಡಿರುತ್ತದೆ, ಚಪಾತಿ ಅಗಿದರೆ ಕಪೋಲದಿಂದ ತಲೆಯ ಪಕ್ಕದವರೆಗೆ ನೋವು ಹತ್ತುತ್ತದೆ. ಇಂಥ ದೂರು ಹೊತ್ತು ಹೋದವರಿಗೆ ದಂತವೈದ್ಯರು ಹೇಳುವ ಮಾತುಗಳಲ್ಲಿ ‘ಸ್ಪ್ಲಿಂಟ್ ಮಾಡಿಸಿ’ ಎಂಬುದು ಸಾಮಾನ್ಯ. ಹಲ್ಲಿನ ಮೇಲೆ ಕೂರುವ, ತೆಗೆದು ಹಾಕಲು ಬರುವ ಗಟ್ಟಿ ಪ್ಲಾಸ್ಟಿಕ್ ಹೊದಿಕೆ ಅದು. ನೈಟ್ ಗಾರ್ಡ್ ಎಂದೂ ಕರೆಯುತ್ತಾರೆ. ನೋಡಲು ಸರಳವಾದ ಈ ವಸ್ತುವಿನ ಫಲವೆಲ್ಲ ನಿಂತಿರುವುದು ಅದನ್ನು ಬಾಯಲ್ಲಿ ಎಷ್ಟು ಸೂಕ್ಷ್ಮವಾಗಿ ಉಜ್ಜಿ ಹೊಂದಿಸಿದ್ದಾರೆ, ಆಮೇಲೆ ಎಷ್ಟು ಸಲ ತಿರುಗಿ ನೋಡಿದ್ದಾರೆ ಎಂಬುದರ ಮೇಲೆ. ಹೊಂದಿಸದೆ ಕೈಗೆ ಕೊಟ್ಟು ಕಳಿಸಿದ ಸ್ಪ್ಲಿಂಟ್ ದುಬಾರಿ ಪ್ಲಾಸ್ಟಿಕ್ ಅಷ್ಟೆ, ಕೆಲವೊಮ್ಮೆ ನೋವನ್ನೇ ಹೆಚ್ಚಿಸುವ ಪ್ಲಾಸ್ಟಿಕ್.

ಅದು ಮಾಡುವುದೇನು, ಮಾಡದಿರುವುದೇನು ಎಂಬುದನ್ನು ಮೊದಲೇ ತಿಳಿದಿರಬೇಕು. ಕೆಳದವಡೆಯ ಗುಂಡುತಲೆ ಮತ್ತು ತಲೆಬುರುಡೆಯ ಗುಳಿಯ ನಡುವೆ ಒಂದು ತೆಳ್ಳನೆಯ ಮೆತ್ತೆ ಇರುತ್ತದೆ, ಅದಕ್ಕೆ ಡಿಸ್ಕ್ ಎನ್ನುತ್ತಾರೆ. ಬಾಯಿ ತೆರೆದಾಗ ಬರುವ ಲಟಕ್ ಸದ್ದು ಬಹುಮಟ್ಟಿಗೆ ಮುಂದಕ್ಕೆ ಜಾರಿದ ಡಿಸ್ಕ್ ಮತ್ತೆ ಜಾಗಕ್ಕೆ ಬೀಳುವ ಸದ್ದು. ಸಾಮಾನ್ಯ ಸ್ಪ್ಲಿಂಟ್ ಆ ಡಿಸ್ಕನ್ನು ಸರಿಯಾದ ಜಾಗಕ್ಕೆ ಕೂರಿಸಿಬಿಡುವುದಿಲ್ಲ. ಕಚ್ಚುವ ಒತ್ತಡವನ್ನು ಎಲ್ಲ ಹಲ್ಲುಗಳಿಗೂ ಹಂಚುತ್ತದೆ, ಹಲ್ಲು ಸವೆಯುವುದನ್ನು ತಡೆಯುತ್ತದೆ, ಕಚ್ಚುವ ಅಭ್ಯಾಸಕ್ಕೆ ಸ್ವಲ್ಪ ಅಡ್ಡಿ ಮಾಡಿ ಸ್ನಾಯುಗಳಿಗೆ ಬಿಡುವು ಕೊಡಬಹುದು. ನೋವಿಲ್ಲದ ಬರೀ ಸದ್ದಿಗೆ ಸ್ಪ್ಲಿಂಟೂ ಬೇಡ, ಬೇರೆ ಚಿಕಿತ್ಸೆಯೂ ಬೇಡ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ದೀರ್ಘಕಾಲದ ದವಡೆ ನೋವಿನ ಚಿಕಿತ್ಸೆ ಕುರಿತು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪ್ಲಿಂಟಿಗೆ ಮೇಲಿನ ಸ್ಥಾನ ಕೊಡಲಿಲ್ಲ. ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ ವ್ಯಾಯಾಮ, ಸ್ನಾಯುಗಳನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ, ನೋವನ್ನು ನಿಭಾಯಿಸುವ ಮನೋಚಿಕಿತ್ಸೆ ಇವುಗಳನ್ನು ಅದು ಬಲವಾಗಿ ಬೆಂಬಲಿಸಿತು. ತೆಗೆದು ಹಾಕುವ ಸ್ಪ್ಲಿಂಟಿನ ಬಗ್ಗೆ ಅದರದು ಷರತ್ತಿನ ಅಸಮ್ಮತಿ, ಎಂದರೆ ಖಡಾಖಂಡಿತವಲ್ಲದ ‘ಬೇಡ’. ಹಾಗೆಂದು ಸ್ಪ್ಲಿಂಟ್ ನಿರುಪಯೋಗಿ ಎಂದಲ್ಲ. ರಾತ್ರಿ ಹಲ್ಲು ಮಸೆಯುವವರಿಗೆ, ಹಲ್ಲು ಸವೆದು ಚೂಪು ಏಳುತ್ತಿರುವವರಿಗೆ, ನೋವಿನೊಡನೆ ಎದ್ದೇಳುವವರಿಗೆ ಅದನ್ನು ಕೊಡಲು ಸಕಾರಣವಿದೆ. ಆದರೆ ಅದೊಂದನ್ನೇ ನಂಬಿ ಉಳಿದದ್ದನ್ನು ಬಿಡುವಂತಿಲ್ಲ.

ಮೊದಲು: ತೊಂದರೆ ನಿಜಕ್ಕೂ ಕೀಲಿನದೇ?

ಬಾಯಿ ಎಷ್ಟು ತೆರೆಯುತ್ತದೆ ಎಂದು ನೀವೇ ಅಳೆಯಬಹುದು. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಿಟ್ಟು ಮುಂಬಲ್ಲುಗಳ ನಡುವೆ ತೂರಿಸಿ ನೋಡಿ. ಮೂರೂ ಹಿಡಿಸಿದರೆ ಸುಮಾರಾಗಿ ಸರಿ. ಸ್ಕೇಲಿನಿಂದ ಅಳೆದರೆ ವಯಸ್ಕರಲ್ಲಿ 40 ಮಿ.ಮೀ.ಗಿಂತ ಹೆಚ್ಚು ಬರಬೇಕು. ಮೇಲಿನ ಹಲ್ಲು ಕೆಳಗಿನದನ್ನು ಎಷ್ಟು ಮುಚ್ಚುತ್ತದೋ ಅಷ್ಟನ್ನೂ ಕೂಡಿಸಿಯೇ ಈ ಲೆಕ್ಕ. ಕೆಳದವಡೆಯನ್ನು ಎಡಕ್ಕೂ ಬಲಕ್ಕೂ ಸರಿಸಿದರೆ ತಲಾ 7-8 ಮಿ.ಮೀ. ಹೋಗುವುದು ಸಹಜ. ತೆರೆಯುವಾಗ ಗದ್ದ ಒಂದು ಪಕ್ಕಕ್ಕೆ ವಾಲಿದರೆ ಯಾವ ಪಕ್ಕ ಎಂಬುದನ್ನೂ ಬರೆದಿಡಿ.

ಕರ್ನಾಟಕದಲ್ಲಿ ಇಲ್ಲೊಂದು ದೊಡ್ಡ ಗೊಂದಲವಿದೆ. ಅಡಿಕೆ, ಗುಟ್ಕಾ, ಪಾನ್ ಮಸಾಲೆ ಅಗಿಯುವವರಲ್ಲಿ ಬಾಯಿಯ ಒಳಪದರ ಗಟ್ಟಿಯಾಗುತ್ತಾ ಹೋಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಕ್ಯಾನ್ಸರಿಗೆ ದಾರಿಯಾಗಬಲ್ಲ ಸ್ಥಿತಿ. ಕೀಲು ಹಿಡಿದಿದೆ ಎಂದುಕೊಂಡು ಎಷ್ಟೋ ಮಂದಿ ಕಾಲ ಕಳೆಯುತ್ತಾರೆ. ಖಾರ ಸೋಕಿದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಗೆ ಬಿಳಿಚಿದಂತೆ ಕಂಡು ಬೆರಳಿಗೆ ಗಟ್ಟಿ ಪಟ್ಟಿ ಸಿಕ್ಕರೆ, ಸ್ಪ್ಲಿಂಟಿನ ಮಾತು ಆಮೇಲೆ. ಅಗಿಯುವುದನ್ನು ಇಂದೇ ಬಿಟ್ಟು ಓರಲ್ ಮೆಡಿಸಿನ್ (ಬಾಯಿಯ ರೋಗಗಳ) ವಿಭಾಗಕ್ಕೆ ಹೋಗಬೇಕು.

ಈ ಕೆಳಗಿನವುಗಳಿಗೂ ಸ್ಪ್ಲಿಂಟ್ ಉತ್ತರವಲ್ಲ:

- ಐವತ್ತು ದಾಟಿದವರಿಗೆ ಹೊಸದಾಗಿ ಶುರುವಾದ ತಲೆನೋವು, ಅಗಿಯುತ್ತಾ ಹೋದಂತೆ ದವಡೆ ಸೋಲುವುದು, ಕಣ್ಣು ಮಂಜಾಗುವುದು. ಇದು ರಕ್ತನಾಳದ ಉರಿಯೂತವಾಗಿರಬಹುದು, ತಡಮಾಡಿದರೆ ದೃಷ್ಟಿ ಹೋಗಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ.
- ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ಕುಳಿತರೆ ಇಳಿಯುವ ದವಡೆ ನೋವು. ಹೃದಯದ ನೋವು ದವಡೆಯಲ್ಲಿ ಕಾಣಿಸಿಕೊಳ್ಳುವುದುಂಟು. ಕೂತರೂ ಇಳಿಯದಿದ್ದರೆ, ಜೊತೆಗೆ ಬೆವರು, ಉಬ್ಬಸ, ಎದೆ ಒತ್ತಿದಂತಾಗುವುದು ಇದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.
- ಮುಖದ ಒಂದು ಭಾಗ ಜೋಮು ಹಿಡಿಯುವುದು, ಊತ, ಜ್ವರ, ಕುತ್ತಿಗೆಯಲ್ಲಿ ಗಂಟು.
- ತೆರೆದ ಬಾಯಿ ಮುಚ್ಚಲಾಗದೆ ಸಿಕ್ಕಿಕೊಳ್ಳುವುದು. ಕೀಲು ತಪ್ಪಿರುತ್ತದೆ, ತುರ್ತು ಚಿಕಿತ್ಸೆ ಬೇಕು.

ವರ್ಷಗಳಿಂದ ಬರುತ್ತಿದ್ದ ಲಟಕ್ ಸದ್ದು ಒಂದು ದಿನ ಥಟ್ಟನೆ ನಿಂತು, ಬಾಯಿ 25-30 ಮಿ.ಮೀ.ಗಿಂತ ಹೆಚ್ಚು ತೆರೆಯದಂತಾದರೆ ಡಿಸ್ಕ್ ಮುಂದೆ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಸದ್ದು ನಿಂತಿತಲ್ಲ ಎಂದು ನಿರಾಳವಾಗಬೇಡಿ. ಬೇಗ ಹೋದಷ್ಟೂ ಕೈಯಿಂದಲೇ ಸರಿಪಡಿಸುವ ಅವಕಾಶ ಹೆಚ್ಚು.

ರೋಗನಿರ್ಣಯ ಬಹುಮಟ್ಟಿಗೆ ಕೈಯಿಂದ ಮುಟ್ಟಿ, ಅಳೆದು, ಕೇಳಿ ಆಗುವಂಥದ್ದು. ದವಡೆ ಕೀಲಿನ ತೊಂದರೆಗಳನ್ನು ಗುರುತಿಸಲು 2014ರಲ್ಲಿ ಪ್ರಕಟವಾದ ಡಿಸಿ-ಟಿಎಂಡಿ ಮಾನದಂಡಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ, ಅದಕ್ಕೆ ಎಂಆರ್‌ಐ ಬೇಕು. ಮೂಳೆಯ ಸವೆತ ನೋಡಲು ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್. ಎಲ್ಲರಿಗೂ ಇವೆರಡೂ ಬೇಕಿಲ್ಲ.

ಅಳತೆಗೆ ಮೊದಲಿನ ಎರಡು ವಾರ

ಒಂದು ಚೀಟಿಯಲ್ಲಿ ಬೆಳಿಗ್ಗೆ ಎದ್ದಾಗಿನ ನೋವು, ಸಂಜೆಯ ನೋವು ಎರಡಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆಯಿರಿ. ಬೆಳಿಗ್ಗೆ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತಿದ್ದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು, ರಾತ್ರಿ ಸ್ಪ್ಲಿಂಟಿನಿಂದ ಉಪಯೋಗ ನಿರೀಕ್ಷಿಸಬಹುದು. ಬೆಳಿಗ್ಗೆ ಏನೂ ಇಲ್ಲದೆ ಸಂಜೆಗೆ ಏರುತ್ತಿದ್ದರೆ ಕಾರಣ ಹಗಲಿನಲ್ಲಿದೆ: ಕಂಪ್ಯೂಟರ್ ಮುಂದೆ, ಟ್ರಾಫಿಕ್ಕಿನಲ್ಲಿ, ಫೋನ್ ನೋಡುತ್ತಾ ಹಲ್ಲು ಕಚ್ಚಿ ಕೂರುವ ಅಭ್ಯಾಸ. ಇದಕ್ಕೆ ರಾತ್ರಿಯ ಪ್ಲಾಸ್ಟಿಕ್ ಏನು ಮಾಡೀತು?

ಹಗಲಿನ ಅಭ್ಯಾಸಕ್ಕೆ ಮದ್ದು ಹೀಗೆ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂಬಲ್ಲಿನ ಹಿಂದೆ ಹಗುರಾಗಿ ತಾಗಿರಲಿ. ಊಟದ ಹೊತ್ತು, ನುಂಗುವ ಕ್ಷಣ ಬಿಟ್ಟರೆ ಮೇಲಿನ ಕೆಳಗಿನ ಹಲ್ಲು ಮುಟ್ಟಲೇಬಾರದು. ಫೋನಿನಲ್ಲಿ ಗಂಟೆಗೊಂದು ಸದ್ದು ಇಟ್ಟುಕೊಂಡು ಆಗಾಗ ಪರೀಕ್ಷಿಸಿಕೊಳ್ಳಿ. ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿಟ್ಟೇ ಬಾಯಿ ನಿಧಾನವಾಗಿ ತೆರೆದು ಮುಚ್ಚುವುದನ್ನು ಒಂದು ಸಲಕ್ಕೆ ಆರರಂತೆ ದಿನಕ್ಕೆ ಹಲವು ಬಾರಿ ಮಾಡಿ. ಒದ್ದೆ ಬಟ್ಟೆಯ ಬಿಸಿ ಶಾಖ ಕೆನ್ನೆಗೆ 15 ನಿಮಿಷ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹುರಿಗಡಲೆ, ಕಬ್ಬು, ಚೂಯಿಂಗ್ ಗಮ್ ಸದ್ಯಕ್ಕೆ ದೂರ. ಈ ವಿಷಯದಲ್ಲಿ ಮುದ್ದೆ ಉಣ್ಣುವವರೇ ಪುಣ್ಯವಂತರು, ಅಗಿಯುವ ಗೋಜೇ ಇಲ್ಲ. ಹಲವರಿಗೆ ಇಷ್ಟರಲ್ಲೇ ನೋವು ಇಳಿಯುತ್ತದೆ, ಸ್ಪ್ಲಿಂಟಿನ ಖರ್ಚೂ ಉಳಿಯುತ್ತದೆ.

ಖಿನ್ನತೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಹಲ್ಲು ಕಡಿತವನ್ನು ಹುಟ್ಟಿಸಬಲ್ಲವು, ಆದ್ದರಿಂದ ತೆಗೆದುಕೊಳ್ಳುವ ಔಷಧಿಗಳ ಪಟ್ಟಿ ವೈದ್ಯರಿಗೆ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಅದನ್ನೂ ಹೇಳಿ. ಮೇಲ್ದವಡೆಯ ಸ್ಪ್ಲಿಂಟ್ ಕೆಲವರಲ್ಲಿ ಅದನ್ನು ಹೆಚ್ಚಿಸಬಹುದು. ಇನ್ನು, ಹಲ್ಲು ಕಡಿಯುವುದು ಹೊಟ್ಟೆಯಲ್ಲಿ ಹುಳು ಇರುವುದರಿಂದ ಎಂದು ಅಜ್ಜಿ ಹೇಳಿದ್ದಾರೆಂದು ಹುಳದ ಮಾತ್ರೆ ನುಂಗಿ ಕಾಯಬೇಡಿ.

ಯಾವ ಬಗೆಯದು ಮಾಡಿಸಬೇಕು

ಬಹುತೇಕರಿಗೆ ಬೇಕಾದ್ದು ಸ್ಟೆಬಿಲೈಸೇಶನ್ ಸ್ಪ್ಲಿಂಟ್: ಒಂದು ದವಡೆಯ ಎಲ್ಲ ಹಲ್ಲುಗಳನ್ನೂ ಮುಚ್ಚುವ, ಗಟ್ಟಿ ಅಕ್ರಿಲಿಕ್ಕಿನ, ಮೇಲ್ಮೈ ಸಪಾಟಾಗಿರುವ ಹೊದಿಕೆ. ಮೇಲ್ದವಡೆಗೆ ಮಾಡುವ ಇದರ ಪ್ರಸಿದ್ಧ ರೂಪಕ್ಕೆ, ಅದು ರೂಪುಗೊಂಡ ಅಮೆರಿಕದ ವಿಶ್ವವಿದ್ಯಾಲಯದ ಹೆಸರಿನಿಂದ, ಮಿಶಿಗನ್ ಸ್ಪ್ಲಿಂಟ್ ಎನ್ನುತ್ತಾರೆ. ಮೇಲಕ್ಕೋ ಕೆಳಕ್ಕೋ ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮವಿಲ್ಲ. ಹಲ್ಲು ಹೆಚ್ಚು ಉದುರಿರುವ ದವಡೆಗೆ ಮಾಡಿದರೆ ಎದುರು ಹಲ್ಲುಗಳಿಗೆ ಆಸರೆ ಸಿಗುತ್ತದೆ ಎಂಬುದು ಒಳ್ಳೆಯ ಸೂತ್ರ.

ಮೆತ್ತನೆಯ ಗಾರ್ಡ್ ಅಗ್ಗ, ಬೇಗ ಆಗುತ್ತದೆ. ಆದರೆ ಉಜ್ಜಿ ಹೊಂದಿಸಲು ಬರುವುದಿಲ್ಲ, ಕೆಲವರು ಅದನ್ನು ರಾತ್ರಿಯೆಲ್ಲ ಅಗಿಯುತ್ತಲೇ ಇರುತ್ತಾರೆ. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಗಾರ್ಡುಗಳ ಪಾಡೂ ಇದೇ. ಮುಂಬಲ್ಲನ್ನು ಮಾತ್ರ ಮುಚ್ಚುವ ಪುಟ್ಟ ಸಾಧನಗಳ ಬಗ್ಗೆ ಇನ್ನೂ ಎಚ್ಚರ ಬೇಕು. ತಿಂಗಳುಗಟ್ಟಲೆ ಹಾಕಿದರೆ ಹೊದಿಕೆಯಿಲ್ಲದ ಹಿಂದಿನ ಹಲ್ಲುಗಳು ಬೆಳೆದು, ಮುಂದಿನವು ಒಳಸರಿದು, ಮುಂಬಲ್ಲುಗಳು ಮುಟ್ಟದ ಹಾಗೆ ಆಗಬಹುದು. ಬಾಯಿಗೆ ತೀರ ಚಿಕ್ಕದಾದ್ದರಿಂದ ನಿದ್ದೆಯಲ್ಲಿ ನುಂಗುವ ಅಪಾಯ ಬೇರೆ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಬಗೆ ಡಿಸ್ಕ್ ಆಗಾಗ ಸಿಕ್ಕಿ ಬಿಟ್ಟು ನೋಯುತ್ತಿರುವ ಕೆಲವರಿಗೆ ಅಲ್ಪಕಾಲ ಮಾತ್ರ, ಅನುಭವಿಗಳ ಕಣ್ಣಳತೆಯಲ್ಲಿ.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟುತ್ತಿರುವ ಮಕ್ಕಳಿಗೆ ಸಾಮಾನ್ಯವಾಗಿ ಗಟ್ಟಿ ಸ್ಪ್ಲಿಂಟ್ ಹಾಕುವುದಿಲ್ಲ. ಹುಳುಕು, ವಸಡಿನ ಸೋಂಕು ಇದ್ದರೆ ಮೊದಲು ಅವು ವಾಸಿಯಾಗಲಿ. ಸ್ಪ್ಲಿಂಟ್ ಆದ ಮೇಲೆ ಹಲ್ಲಿಗೆ ಕ್ಯಾಪ್ ಹಾಕಿಸಿದರೆ ಸ್ಪ್ಲಿಂಟ್ ಮತ್ತೆ ಸರಿಯಾಗಿ ಕೂರದೆ ಹೋಗಬಹುದು.

ಅಚ್ಚು ಮತ್ತು ಕಚ್ಚಿನ ದಾಖಲೆ

ಮೇಲೆ ಕೆಳಗೆ ಎರಡೂ ದವಡೆಗಳ ಅಚ್ಚು ಬೇಕು, ಆಲ್ಜಿನೇಟ್ ಪೇಸ್ಟಿನಿಂದಲೋ ಸ್ಕ್ಯಾನರಿನಿಂದಲೋ. ಆಲ್ಜಿನೇಟ್ ಒಣಗಿದಂತೆ ಕುಗ್ಗುತ್ತದೆ, ತಡಮಾಡದೆ ಅದರಲ್ಲಿ ಗಚ್ಚು ಸುರಿಯಬೇಕು. ಲ್ಯಾಬಿಗೆ ಹೋಗಲಿ ಎಂದು ಸಂಜೆಯವರೆಗೆ ಮೇಜಿನ ಮೇಲಿಟ್ಟ ಅಚ್ಚಿನಿಂದ ಬಂದ ಸ್ಪ್ಲಿಂಟ್ ಬಿಗಿಯಾಗುವುದು, ಅಲುಗುವುದು ಆಶ್ಚರ್ಯವಲ್ಲ.

ಮೂರನೆಯದು, ಹೆಚ್ಚಾಗಿ ಕೈಬಿಟ್ಟುಹೋಗುವುದು, ಎರಡು ದವಡೆ ಪರಸ್ಪರ ಹೇಗೆ ಕೂರುತ್ತವೆ ಎಂಬ ದಾಖಲೆ. ಸ್ನಾಯುಗಳು ಸಡಿಲಾಗಿ, ಹಲ್ಲುಗಳು ಮುಟ್ಟದೆ, ಕೀಲು ತನ್ನ ನೆಲೆಯಲ್ಲಿ ಇರುವಾಗ ಇದನ್ನು ತೆಗೆಯುತ್ತಾರೆ. ಮುಂಬಲ್ಲುಗಳ ನಡುವೆ ತೆಳು ಪ್ಲಾಸ್ಟಿಕ್ ಎಲೆಗಳ ಕಟ್ಟನ್ನೋ ಅಕ್ರಿಲಿಕ್ ತುಂಡನ್ನೋ ಇಟ್ಟು ಕೆಲವು ನಿಮಿಷ ಕಾದು, ಹಿಂದಿನ ಹಲ್ಲುಗಳ ನಡುವೆ ಮೇಣ ಅಥವಾ ಸಿಲಿಕೋನ್ ತುಂಬುತ್ತಾರೆ. ಈ ದಾಖಲೆಯ ದಪ್ಪವೇ ಹೆಚ್ಚುಕಡಿಮೆ ಸ್ಪ್ಲಿಂಟಿನ ದಪ್ಪ: ಕಡೆಯ ದವಡೆಹಲ್ಲಿನ ಮೇಲೆ ಒಂದೂವರೆಯಿಂದ ಎರಡು ಮಿ.ಮೀ. ತೀರ ತೆಳುವಾದರೆ ಅಲ್ಲಿ ತೂತು ಬೀಳುತ್ತದೆ, ದಪ್ಪವಾದರೆ ತುಟಿ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಅಚ್ಚುಗಳನ್ನು ದವಡೆಯ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಎಂಬ ಉಪಕರಣಕ್ಕೆ ಏರಿಸಿ ಲ್ಯಾಬಿನಲ್ಲಿ ಮಾಡಿದ ಸ್ಪ್ಲಿಂಟಿಗೆ ಬಾಯಲ್ಲಿ ಉಜ್ಜುವ ಕೆಲಸ ಕಡಿಮೆ. ಬರೀ ಒಂದು ದವಡೆಯ ಅಚ್ಚಿನ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆ ಎಳೆದು ಕೊಟ್ಟದ್ದಕ್ಕೆ ಕೆಲಸ ಬಹಳ, ಹೆಚ್ಚಾಗಿ ಅದನ್ನು ಯಾರೂ ಮಾಡಿರುವುದಿಲ್ಲ.

ಕೂರಿಸುವ ದಿನ

ಇಡೀ ಚಿಕಿತ್ಸೆಯ ಜೀವ ಇಲ್ಲಿದೆ. ಆ ದಿನ ಅವಸರದಲ್ಲಿ ಹೋಗಬೇಡಿ, ಅರ್ಧ ಮುಕ್ಕಾಲು ಗಂಟೆ ಕುರ್ಚಿಯಲ್ಲಿ ಕೂರುವ ಬಿಡುವು ಇರಲಿ.

ಮೊದಲನೆಯದು ಹಿಡಿತ. ಬೆರಳಿನಿಂದ ಒತ್ತಿದರೆ ಪೂರ್ತಿ ಕೂರಬೇಕು, ಕಚ್ಚಿ ಕೂರಿಸುವಂತಿರಬಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿದರೆ ಅಲುಗಬಾರದು. ಒಟ್ಟಾರೆ ಬಿಗಿ ಎನಿಸುವುದು ಕೆಲವು ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಒಂದೇ ಹಲ್ಲನ್ನು ಹಿಂಡಿದಂತಾದರೆ ಬೆರಳಿಟ್ಟು ತೋರಿಸಿ, ಒಳಗೆ ಆ ಜಾಗವನ್ನು ಕೆರೆಯಬೇಕು. ‘ಹಾಕುತ್ತಾ ಹಾಕುತ್ತಾ ಸರಿಹೋಗುತ್ತೆ’ ಎಂಬುದನ್ನು ಒಪ್ಪಬೇಡಿ. ಹಾಗೆ ಸರಿಹೋಗುವುದೆಂದರೆ ಹಲ್ಲೇ ಸರಿದಿದೆ ಎಂದರ್ಥ.

ಹಿಡಿತ ಸರಿಯಾದ ಮೇಲೆ ನೀಲಿ ಕಾಗದ. ಒಣಗಿಸಿದ ಸ್ಪ್ಲಿಂಟಿನ ಮೇಲೆ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಹಗುರಾಗಿ ಟಕಟಕ ಕಚ್ಚಿಸುತ್ತಾರೆ. ಮೊದಲ ಸಲ ಎರಡು ಮೂರು ಗುರುತು ಮಾತ್ರ ಬೀಳುವುದು ಸಹಜ. ಆ ಎತ್ತರದ ಜಾಗಗಳನ್ನು ಉಜ್ಜಿ, ಮತ್ತೆ ಕಚ್ಚಿಸಿ, ಮತ್ತೆ ಉಜ್ಜಿ, ಕೊನೆಗೆ ಎದುರಿನ ಪ್ರತಿ ಹಿಂದಿನ ಹಲ್ಲಿಗೂ ಕಡೇಪಕ್ಷ ಒಂದೊಂದು ಗುರುತು, ಎರಡೂ ಪಕ್ಕ ಒಂದೇ ಗಾಢತೆಯಲ್ಲಿ ಬೀಳಬೇಕು. ಮುಂಬಲ್ಲಿನ ಗುರುತು ಹಿಂದಿನದಕ್ಕಿಂತ ತಿಳಿಯಾಗಿರಲಿ. ಗುಳಿಯಲ್ಲಿ ಹಲ್ಲು ಸಿಕ್ಕಿಕೊಂಡಂತೆ ಇರಬಾರದು, ಸಪಾಟು ಜಾಗದಲ್ಲಿ ನಿಂತಂತಿರಬೇಕು. ಒಂದು ಪಕ್ಕ ಎತ್ತರ ಉಳಿದರೆ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ: ರಾತ್ರಿಯಿಡೀ ಸ್ನಾಯು ಅದರ ಸುತ್ತಲೇ ಒದ್ದಾಡುತ್ತದೆ, ಬೆಳಿಗ್ಗೆ ನೋವು ಇದ್ದುದಕ್ಕಿಂತ ಹೆಚ್ಚು.

ಆಮೇಲೆ ಕೆಂಪು ಕಾಗದ. ಅದನ್ನಿಟ್ಟು ಕೆಳದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸಲು ಹೇಳುತ್ತಾರೆ, ಅದರ ಮೇಲೆಯೇ ನೀಲಿಯಿಟ್ಟು ಮತ್ತೆ ಟಕಟಕ. ಪಕ್ಕಕ್ಕೆ ಸರಿದಾಗ ಕೋರೆಹಲ್ಲು ಸ್ಪ್ಲಿಂಟಿನ ಇಳಿಜಾರಿನ ಮೇಲೆ ಹತ್ತಿ, ಹಿಂದಿನ ಹಲ್ಲುಗಳೆಲ್ಲ ಬಿಟ್ಟುಕೊಳ್ಳಬೇಕು. ಹಾಗಾಗಿ ಹಿಂದೆ ಬಿದ್ದ ಕೆಂಪು ಗೆರೆಗಳನ್ನು ತೆಗೆಯುತ್ತಾರೆ, ನೀಲಿ ಚುಕ್ಕೆಗಳನ್ನು ಮುಟ್ಟುವುದಿಲ್ಲ. ಇಳಿಜಾರು ತೀರ ಕಡಿದಾದರೆ ದವಡೆ ಕಟ್ಟಿಹಾಕಿದಂತಾಗುತ್ತದೆ, ಸಲೀಸಾಗಿ ಜಾರಬೇಕು.

ಕೊನೆಯ ಪರೀಕ್ಷೆ ನೆಟ್ಟಗೆ ಕುಳಿತು. ಕುರ್ಚಿಯಲ್ಲಿ ಮಲಗಿದಾಗ ಕೆಳದವಡೆ ಹಿಂದಕ್ಕೆ ಜಾರಿರುತ್ತದೆ, ಎದ್ದು ಕೂತರೆ ಕಚ್ಚು ಬದಲಾಗುತ್ತದೆ. ಎದ್ದು ಕುಳಿತು ಕಣ್ಣು ಮುಚ್ಚಿ ಹಗುರಾಗಿ ಕಚ್ಚಿ: ಎರಡೂ ಪಕ್ಕ ಒಟ್ಟಿಗೇ ಮುಟ್ಟಿತೇ, ಒಂದು ಮೊದಲು ಮುಟ್ಟಿತೇ? ನಿಮ್ಮ ಈ ಉತ್ತರ ಕಾಗದದ ಗುರುತಿನಷ್ಟೇ ಮುಖ್ಯ. ಸಂಶಯವಿದ್ದರೆ ಬಾಯಿಬಿಟ್ಟು ಹೇಳಿ, ಡಾಕ್ಟರಿಗೆ ಕಿರಿಕಿರಿ ಆದೀತೆಂದು ಸುಮ್ಮನಿರಬೇಡಿ. ಅಂಚುಗಳಿಗೆ ನಾಲಿಗೆ ಸವರಿ ನೋಡಿ, ಒರಟಿದ್ದರೆ ಪಾಲಿಶ್ ಬಾಕಿಯಿದೆ.

ಇಡೀ ಹೊತ್ತಿನಲ್ಲಿ ಉಜ್ಜಬೇಕಾದ್ದು ಸ್ಪ್ಲಿಂಟನ್ನು ಮಾತ್ರ. ಕೀಲು ನೋವು ಹೋಗಲೆಂದು ನಿಮ್ಮ ಹಲ್ಲನ್ನೇ ಉಜ್ಜುತ್ತೇವೆ, ಕಚ್ಚು ಬದಲಿಸಲು ಸಾಲಾಗಿ ಕ್ಯಾಪ್ ಹಾಕುತ್ತೇವೆ ಎಂದರೆ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಿ. ಹಿಂದಿರುಗಲಾಗದ ಚಿಕಿತ್ಸೆಗೆ ಇಲ್ಲಿ ಆಧಾರವಿಲ್ಲ.

ಮೊದಲ ಮೂರು ತಿಂಗಳು

ವೈದ್ಯರು ಬೇರೆ ಹೇಳದಿದ್ದರೆ ಮಲಗುವಾಗ ಮಾತ್ರ ಹಾಕಿ. ಊಟಕ್ಕೆ ತೆಗೆಯಬೇಕು. ದಿನದ 24 ಗಂಟೆಯೂ ಹಾಕಿಕೊಂಡರೆ ಬೇಗ ವಾಸಿ ಎಂಬುದು ತಪ್ಪು, ಕಚ್ಚು ಬದಲಾಗುವ ಅಪಾಯ ಮಾತ್ರ ಬೇಗ. ಮೊದಲ ಕೆಲವು ರಾತ್ರಿ ಜೊಲ್ಲು ಹೆಚ್ಚು ಸುರಿಯುತ್ತದೆ, ಸ-ಶ ತೊದಲುತ್ತದೆ, ಅರಿವಿಲ್ಲದೆ ತೆಗೆದು ದಿಂಬಿನ ಪಕ್ಕ ಇಟ್ಟಿರುತ್ತೀರಿ. ಬೆಳಿಗ್ಗೆ ತೆಗೆದಾಗ ಹಲ್ಲು ಸರಿಯಾಗಿ ಕೂರುತ್ತಿಲ್ಲ ಎನಿಸಿ ಅರ್ಧ ಗಂಟೆಯೊಳಗೆ ಮೊದಲಿನಂತಾದರೆ ಚಿಂತೆಯಿಲ್ಲ. ಮಧ್ಯಾಹ್ನವಾದರೂ ಹಾಗೇ ಇದ್ದರೆ ಹಾಕುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿ.

ಒಂದೆರಡು ವಾರಕ್ಕೆ ಮರುಭೇಟಿ, ಆಮೇಲೆ ತಿಂಗಳಿಗೊಮ್ಮೆ. ಸ್ನಾಯು ಸಡಿಲಾದಂತೆ ಕೆಳದವಡೆ ಕೂರುವ ಜಾಗವೂ ಅಷ್ಟಿಷ್ಟು ಬದಲಾಗುತ್ತದೆ, ಮೊದಲ ದಿನ ಸಮನಾಗಿದ್ದ ಗುರುತುಗಳು ಈಗ ಸಮ ಇರುವುದಿಲ್ಲ. ಪ್ರತಿ ಸಲವೂ ನೀಲಿ-ಕೆಂಪು ಕಾಗದ ಹೊರಬರಬೇಕು, ‘ಹೇಗಿದೀರಿ, ಚೆನ್ನಾಗಿದೀನಿ’ ಎಂಬಷ್ಟಕ್ಕೆ ಮರುಭೇಟಿ ಮುಗಿಯಬಾರದು. ನೋವಿನ ಚೀಟಿಯನ್ನೂ ಬಾಯಿ ತೆರೆಯುವ ಅಳತೆಯನ್ನೂ ಜೊತೆಗೆ ಒಯ್ಯಿರಿ.

ಮೂರು ತಿಂಗಳಾದರೂ ಅಂಕ ಇಳಿಯದಿದ್ದರೆ ಅದೇ ಸ್ಪ್ಲಿಂಟನ್ನು ವರ್ಷಗಟ್ಟಲೆ ಹಾಕುವುದರಲ್ಲಿ ಅರ್ಥವಿಲ್ಲ, ದಪ್ಪ ಹೆಚ್ಚಿಸಿ ಇನ್ನೊಂದು ಮಾಡಿಸುವುದರಲ್ಲೂ ಇಲ್ಲ. ರೋಗನಿರ್ಣಯವನ್ನೇ ಮತ್ತೆ ನೋಡಬೇಕು: ಕುತ್ತಿಗೆಯಿಂದ ಬರುವ ನೋವೇ, ಮೈಗ್ರೇನೇ, ಸಂಧಿವಾತವೇ, ನಿದ್ದೆಗೇಡೇ? ದಂತ ವೈದ್ಯಕೀಯ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್, ಪ್ರಾಸ್ಥೊಡಾಂಟಿಕ್ಸ್ (ಕೃತಕ ಹಲ್ಲು ಜೋಡಿಸುವ), ಶಸ್ತ್ರಚಿಕಿತ್ಸೆ ವಿಭಾಗಗಳು ಒಂದೇ ಕಟ್ಟಡದಲ್ಲಿರುತ್ತವೆ, ಫಿಸಿಯೋಥೆರಪಿಗೂ ಅಲ್ಲಿಂದಲೇ ಕಳಿಸಬಹುದು.

ನೋವು ಹೋದವರು ಒಂದು ರಾತ್ರಿ ಬಿಟ್ಟು ಒಂದು ರಾತ್ರಿಗೆ, ಆಮೇಲೆ ವಾರಕ್ಕೆರಡಕ್ಕೆ ಇಳಿಸಿ ನಿಲ್ಲಿಸಬಹುದು. ಹಲ್ಲು ಮಸೆದು ಸವೆಯುತ್ತಿರುವವರು ಹಲ್ಲಿನ ರಕ್ಷಣೆಗಾಗಿ ಮುಂದುವರಿಸಬೇಕಾಗಬಹುದು. ಅವರು ಆರು ತಿಂಗಳಿಗೊಮ್ಮೆ ತೋರಿಸಲಿ.

ಇಟ್ಟುಕೊಳ್ಳುವುದು, ತೊಳೆಯುವುದು

ತೆಗೆದ ಕೂಡಲೇ ತಣ್ಣೀರಿನಲ್ಲಿ ಮೆದು ಬ್ರಶ್ಶು, ಒಂದು ಹನಿ ಕೈತೊಳೆಯುವ ಸೋಪು. ಪೇಸ್ಟ್ ಬೇಡ, ಅದರ ಕಣಗಳು ಮೇಲ್ಮೈಗೆ ಗೀರು ಹಾಕುತ್ತವೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಬಿಸಿನೀರು ಮುಟ್ಟಿಸಲೇಬೇಡಿ, ಸೊಟ್ಟಗಾಗುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟುಹೋದದ್ದಕ್ಕೂ ಅದೇ ಗತಿ. ಬಿಳಿ ಪದರ ಕಟ್ಟಿದರೆ ಕೃತಕ ದಂತಪಂಕ್ತಿ ತೊಳೆಯುವ ಮಾತ್ರೆಯನ್ನು ವಾರಕ್ಕೊಮ್ಮೆ ಬಳಸಬಹುದು. ಗಾಳಿಯಾಡುವ ಡಬ್ಬಿಯಲ್ಲಿಡಿ, ಟಿಶ್ಯೂನಲ್ಲಿ ಸುತ್ತಿಟ್ಟರೆ ಕಸದ ಬುಟ್ಟಿಗೆ ಹೋಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿಡಿ, ಜೊಲ್ಲಿನ ವಾಸನೆಯ ಈ ವಸ್ತು ಅವಕ್ಕೆ ಬಲು ಇಷ್ಟ.

ಬಿರುಕು ಬಿಟ್ಟರೆ ಅಂಗಡಿಯ ಅಂಟು ಹಾಕಿ ಜೋಡಿಸಬೇಡಿ. ಕೂದಲೆಳೆಯಷ್ಟು ತಪ್ಪಿ ಕೂತರೂ ಹೊಂದಾಣಿಕೆ ಕೆಡುತ್ತದೆ, ಅಂಟು ಬಾಯಿಗೆ ಒಳ್ಳೆಯದೂ ಅಲ್ಲ. ತುಂಡುಗಳನ್ನು ಲ್ಯಾಬಿಗೆ ಕಳಿಸಿದರೆ ಅಕ್ರಿಲಿಕ್ ಆದರೆ ದುರಸ್ತಿ ಮಾಡಬಹುದು, ಎಳೆದು ಮಾಡಿದ ಹಾಳೆಯಾದರೆ ಹೊಸದೇ ಬೇಕಾಗಬಹುದು. ಕೆಲವು ವಾರ ಹಾಕದೆ ಬಿಟ್ಟದ್ದನ್ನು ಮತ್ತೆ ಹಾಕುವಾಗ ಬಿಗಿಯೆನಿಸಿದರೆ ಒತ್ತಿ ಕೂರಿಸಬೇಡಿ. ಹಲ್ಲು ತುಂಬಿಸಿಕೊಳ್ಳಲು, ಕ್ಯಾಪಿಗೆ, ಹಲ್ಲು ಕೀಳಿಸಲು, ಯಾವುದಕ್ಕೆ ದಂತವೈದ್ಯರಲ್ಲಿಗೆ ಹೋದರೂ ಡಬ್ಬಿ ಸಮೇತ ಸ್ಪ್ಲಿಂಟ್ ಒಯ್ದು, ಕೆಲಸ ಮುಗಿದ ಮೇಲೆ ಅಲ್ಲೇ ಹಾಕಿ ನೋಡಿ. ಕೂರದಿದ್ದರೆ ಎದ್ದು ಬರುವ ಮೊದಲೇ ಒಳಭಾಗ ಸರಿಪಡಿಸಿಕೊಳ್ಳಬಹುದು.